ತಂಬೂರಿಯ ಗಾಂಧಾರ ಹಿಂದಿನ ಸಾಲಿಗೂ ಕೇಳಬೇಕು: ಶಾಸ್ತ್ರೀಯ ಸಂಗೀತ, ಜಾಝ್‌ಗೆ ಸೌಂಡ್ ಮಾಡುವ ಕ್ರಮ

ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಮಂಗಲ ಕಾರ್ಯಾಲಯ. ಮಳೆಗಾಲದ ಸಂಜೆ. ಇನ್ನೂರು ಮಂದಿ ಕೂತಿದ್ದರು. ನಾನು ಆಗಷ್ಟೇ ಈ ಕೆಲಸಕ್ಕೆ ಇಳಿದಿದ್ದೆ. ಗಾಯಕರಿಗೆ ಒಂದು ಮೈಕ್, ಪೇಟಿಗೆ (ಹಾರ್ಮೋನಿಯಂ) ಒಂದು, ತಬಲಾಕ್ಕೆ ಎರಡು ಇಟ್ಟಿದ್ದೆ. ತಂಬೂರಿಗೆ ಇಟ್ಟಿರಲಿಲ್ಲ. ಅದು ಹಿಂದೆ ಸುಮ್ನೆ ನುಡಿಯುತ್ತಿರುತ್ತದೆ ಅಂದುಕೊಂಡಿದ್ದೆ. ಗಾಯಕರು ಷಡ್ಜ, ಅಂದರೆ ಆಧಾರದ 'ಸ' ಸ್ವರ, ಹಚ್ಚಿದರು. ಎರಡನೇ ಉಸಿರಿಗೇ ನಿಲ್ಲಿಸಿ ನನ್ನ ಕಡೆ ತಿರುಗಿದರು. "ತಮ್ಮಾ, ತಂಬೂರಿ ನನಗ ಕೇಳಸವಲ್ದು. ಅದು ಇಲ್ಲಂದ್ರ ನಾ ಎಲ್ಲಿ ನಿಂದರ್ಲಿ?" ಅಂದರು. ಸಿಟ್ಟು ಇರಲಿಲ್ಲ. ನಿಜವಾಗಿಯೇ ಕೇಳಿದ್ದರು.

ಆ ದಿನದಿಂದ ನಾನು ಮೊದಲು ಇಡುವುದು ತಂಬೂರಿಯ ಮೈಕನ್ನೇ.

ಈ ಲೇಖನ ಗಣಪತಿ ಹಬ್ಬ, ಮದುವೆ, ಸಭೆಗಳಿಗೆ ಸೌಂಡ್ ಮಾಡಿ ಕೈ ಪಳಗಿದವರಿಗೆ. ಈಗ ಶಾಸ್ತ್ರೀಯ ಸಂಗೀತದ ಕಡೆಗೆ, ಜಾಝ್ ಕಡೆಗೆ ಬರಬೇಕು ಅನ್ನುವ ನಮ್ಮ ಭಾಗದ ಹುಡುಗ ಹುಡುಗಿಯರಿಗೆ. ಸಾಮಾನು ಬಹುಪಾಲು ಅದೇ. ಕೆಲಸದ ರೀತಿ ಬೇರೆ. ವಾದ್ಯದ ಎದುರು ನಾಲ್ಕು ಅಡಿ ದೂರ ಕೂತವರಿಗೆ ಏನು ಕೇಳುತ್ತದೋ, ಅದನ್ನು ನಲವತ್ತು ಅಡಿ ಹಿಂದೆ ಕೂತವರಿಗೂ ಮುಟ್ಟಿಸಬೇಕು. ನಮ್ಮ ಕೆಲಸ ಇಷ್ಟೇ. ಇಷ್ಟನ್ನು ಸರಿಯಾಗಿ ಮಾಡಲು ವರ್ಷಗಟ್ಟಲೆ ಬೇಕಾಗುತ್ತದೆ.

ಮೊದಲು ಮೈಕ್ ಇಲ್ಲದೆ ಕೇಳಿ

ಮೊದಲ ಎರಡು ಮೂರು ತಿಂಗಳು ಯಾರಾದರೂ ಗುರುಗಳ ಮನೆಗೆ ಬೆಳಗಿನ ರಿಯಾಜ್ ಹೊತ್ತಿಗೆ ಹೋಗಿ. ಮೂಲೆಯಲ್ಲಿ ಕೂತುಕೊಳ್ಳಿ. ಬೇಡ ಅನ್ನುವ ಗುರುಗಳು ನಮ್ಮಲ್ಲಿ ಕಡಿಮೆ. ಕುಮಾರ ಗಂಧರ್ವರು ಹುಟ್ಟಿದ್ದು ಇಲ್ಲೇ ಪಕ್ಕದ ಸುಳೇಭಾವಿಯಲ್ಲಿ, 1924ರಲ್ಲಿ. ಧಾರವಾಡ ಕೂಗಳತೆಯಲ್ಲಿದೆ. ತಂಬೂರಿ ಮಾಡುವ ಮಿರಜಕ್ಕೆ ರೈಲು ಹತ್ತಿದರೆ ಕೆಲವೇ ತಾಸಿನ ದಾರಿ. ಈ ಕೆಲಸ ಕಲಿಯಲು ಇಷ್ಟು ಅನುಕೂಲದ ಜಾಗ ನನಗಂತೂ ಬೇರೆ ಗೊತ್ತಿಲ್ಲ.

ಮೊದಲ ಪಾಠ ತಂಬೂರಿ. ಸಾಮಾನ್ಯವಾಗಿ ನಾಲ್ಕು ತಂತಿ. ಮೊದಲನೆಯದು ಪಂಚಮ, ರಾಗ ನೋಡಿ ಮಧ್ಯಮವೋ ನಿಷಾದವೋ ಆಗಬಹುದು. ಆಮೇಲೆ ಎರಡು ಜೋಡಿ ಷಡ್ಜ. ಕೊನೆಯದು ದಪ್ಪ ತಂತಿ, ಖರ್ಜ, ಅಂದರೆ ಕೆಳಗಿನ ಷಡ್ಜ. ತಂತಿಗಳು ಕೂರುವ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಸಣ್ಣ ದಾರ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಜವಾರಿ ಬಿಚ್ಚಿಕೊಳ್ಳುತ್ತದೆ, ಝೇಂಕಾರ ಏಳುತ್ತದೆ. ಕಲಾವಿದರು ಇದನ್ನು ಮಾಡುವಾಗ ಹತ್ತಿರ ಕೂತು ನೋಡಿ. ಶ್ರುತಿ ಪೂರ್ತಿ ಕೂಡಿದಾಗ ಖರ್ಜದ ತಂತಿಯೊಳಗಿಂದ ಇನ್ನೊಂದು ಸ್ವರ ಮೇಲೆ ತೇಲಿ ಬರುತ್ತದೆ. ಅದು ಗಾಂಧಾರ, 'ಗ' ಸ್ವರ. ಯಾರೂ ಅದನ್ನು ಮೀಟಿರುವುದಿಲ್ಲ. ತಂತಿಯ ಮೂಲ ಕಂಪನದ ಐದು ಪಟ್ಟು ಕಂಪನ ಅದು.

ಇದನ್ನು ಇಷ್ಟು ಹೇಳುವುದಕ್ಕೆ ಕಾರಣ ಇದೆ. ಗಂಡಸರು ಕರಿ ಒಂದರಲ್ಲಿ, ಅಂದರೆ ಪೇಟಿಯ ಸಪ್ತಕದ ಮೊದಲ ಕರಿ ಮನೆಯನ್ನು ಷಡ್ಜ ಮಾಡಿಕೊಂಡು, ಹಾಡುತ್ತಿದ್ದರೆ ಅವರ ಮಧ್ಯ ಷಡ್ಜ ಸುಮಾರು 139 ಹರ್ಟ್ಝ್. ಖರ್ಜ ಅದರ ಅರ್ಧ, ಸುಮಾರು 69. ಅದರ ಐದು ಪಟ್ಟು ಅಂದರೆ ಸುಮಾರು 346. ಈಗ ಮಿಕ್ಸರ್ ನೆನಪು ಮಾಡಿಕೊಳ್ಳಿ. ಸದ್ದು ಡಬ್ಬದೊಳಗಿಂದ ಬಂದ ಹಾಗಿದೆ ಅಂತ ನಾವು ಕಣ್ಣು ಮುಚ್ಚಿ ಎಲ್ಲಿ ಕತ್ತರಿಸುತ್ತೇವೆ? 300ರಿಂದ 400ರ ನಡುವೆ. ಕೆಳಗಿನ ಕಂಪನ ತಡೆಯುವ ಲೋ ಕಟ್ ಎಲ್ಲಿ ಒತ್ತುತ್ತೇವೆ? 100ಕ್ಕೆ. ಒಂದು ಕೈಯಲ್ಲಿ ಗಾಂಧಾರ ಹೋಯಿತು, ಇನ್ನೊಂದು ಕೈಯಲ್ಲಿ ಖರ್ಜದ ಬುಡ ಹೋಯಿತು. ಹಾಡುವವರಿಗೆ ನಿಲ್ಲಲು ನೆಲವೇ ಇಲ್ಲದ ಹಾಗಾಯಿತು, ಅಲ್ವಾ?

ಹೆಂಗಸರು ಕರಿ ನಾಲ್ಕರಲ್ಲಿ ಹಾಡಿದರೆ ಷಡ್ಜ ಸುಮಾರು 208ಕ್ಕೆ ಹೋಗುತ್ತದೆ. ಕಾರ್ಯಕ್ರಮಕ್ಕೆ ಮೊದಲು "ನಿಮ್ಮ ಪಟ್ಟಿ ಯಾವುದು?" ಅಂತ ಕೇಳುವ ಅಭ್ಯಾಸ ಇಟ್ಟುಕೊಳ್ಳಿ. ಆ ಒಂದು ಪ್ರಶ್ನೆಗೇ ಕಲಾವಿದರಿಗೆ ನಿಮ್ಮ ಮೇಲೆ ಅರ್ಧ ವಿಶ್ವಾಸ ಬರುತ್ತದೆ.

ಜರ್ಮನಿಯ ಡೆಟ್‌ಮೋಲ್ಡ್ ಎಂಬ ಊರಿನಲ್ಲಿ 1949ರಲ್ಲೇ ಸಂಗೀತದ ಸೌಂಡ್ ಕೆಲಸಕ್ಕೊಂದು ಕೋರ್ಸ್ ಶುರುವಾಯಿತು. ಅದನ್ನು ಮುಗಿಸಿದವರಿಗೆ ಟೋನ್‌ಮೈಸ್ಟರ್ ಅನ್ನುತ್ತಾರೆ. ಅಲ್ಲಿ ಸಂಗೀತವನ್ನೂ ತಂತ್ರವನ್ನೂ ಜೊತೆಗೇ ಕಲಿಸುತ್ತಾರೆ. ನಮಗೆ ಹತ್ತಿರ ಅಂದರೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಸೌಂಡ್ ವಿಭಾಗ ಇದೆ. ಆಗುವವರು ಪ್ರಯತ್ನ ಮಾಡಿ. ಆಗದಿದ್ದರೂ ಒಂದು ವರ್ಷ ತಬಲಾವನ್ನೋ ಗಾಯನವನ್ನೋ ಕಲಿಯಿರಿ. ಸಮ್ (ತಾಳದ ಮೊದಲ ಪೆಟ್ಟು) ಎಲ್ಲಿ ಬರುತ್ತದೆ ಅಂತ ಗೊತ್ತಿಲ್ಲದವರು ಫೇಡರ್ ಹಿಡಿದು ಕೂರಬಾರದು.

ಜಾಗ ನೋಡುವುದು

ಕಾರ್ಯಕ್ರಮದ ಹಿಂದಿನ ದಿನ ಸಭಾಂಗಣಕ್ಕೆ ಹೋಗಿ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಸದ್ದು ಎಷ್ಟು ಹೊತ್ತು ಉಳಿಯುತ್ತದೆ, ಯಾವ ಗೋಡೆಯಿಂದ ತಿರುಗಿ ಬರುತ್ತದೆ ಕೇಳಿ.

ಇದನ್ನು ದೊಡ್ಡ ಅಳತೆಯಲ್ಲಿ ಅನುಭವಿಸಬೇಕಾದರೆ ವಿಜಯಪುರದ ಗೋಲ ಗುಮ್ಮಟಕ್ಕೆ ಹೋಗಿ ಬನ್ನಿ. ಶಾಲೆಯ ಪ್ರವಾಸದಲ್ಲಿ ಹೋಗಿರುತ್ತೀರಿ, ಈಗ ಕಿವಿ ತೆರೆದು ಹೋಗಿ. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ತುದಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಒಂದು ಚಪ್ಪಾಳೆ ಹಲವು ಸಲ ತಿರುಗಿ ಬರುತ್ತದೆ. ಬಾಗಿದ ಗಟ್ಟಿ ಗೋಡೆ ಸದ್ದನ್ನು ಹೀರಿಕೊಳ್ಳುವುದಿಲ್ಲ, ಹಿಡಿದು ಇನ್ನೊಂದು ಕಡೆ ಒಯ್ದು ಕೊಡುತ್ತದೆ. ನಮ್ಮ ಮಂಗಲ ಕಾರ್ಯಾಲಯಗಳಲ್ಲೂ ಆಗುವುದು ಇದೇ. ಗ್ರಾನೈಟ್ ನೆಲ, ಬಣ್ಣ ಬಳಿದ ಗೋಡೆ, ಎತ್ತರದ ಛಾವಣಿ. ಒಂದು ತಾನ್ (ವೇಗದ ಸ್ವರಗಳ ಓಟ) ಹೊರಟರೆ ಹಿಂದಿನ ತಾನ್ ಇನ್ನೂ ಗಾಳಿಯಲ್ಲೇ ಇರುತ್ತದೆ.

ಇದಕ್ಕೆ ಮದ್ದು ಮಿಕ್ಸರ್‌ನಲ್ಲಿ ಇಲ್ಲ. ವೇದಿಕೆಯ ಹಿಂದೆ ದಪ್ಪ ಪರದೆ ಹಾಕಿಸಿ. ಜನ ಕೂರುವ ಕಡೆ ಜಮಖಾನೆ ಹಾಸಿಸಿ, ಕುರ್ಚಿ ಕಡಿಮೆ ಮಾಡಿ. ಸ್ಪೀಕರ್ ಮುಖ ಜನರ ಕಡೆ ತುಸು ಬಗ್ಗಲಿ, ಎದುರು ಗೋಡೆಗೆ ಹೊಡೆಯಬಾರದು. ಜನ ತುಂಬಿದ ಮೇಲೆ ಪ್ರತಿಧ್ವನಿ ತಾನಾಗಿಯೇ ಕಡಿಮೆಯಾಗುತ್ತದೆ. ಮಧ್ಯಾಹ್ನ ಖಾಲಿ ಹಾಲ್‌ನಲ್ಲಿ ಮಾಡಿದ ಈಕ್ಯೂ, ಅಂದರೆ ಬೇಸ್ ಟ್ರೆಬಲ್ ಹೊಂದಿಕೆ, ಸಂಜೆಗೆ ಹೊಂದುವುದಿಲ್ಲ, ಅದಕ್ಕೆ ಸಿದ್ಧರಿರಿ.

ದೊಡ್ಡ ಹಾಲ್ ಆದರೆ ನಡುವೆ ಇನ್ನೊಂದು ಜೊತೆ ಸ್ಪೀಕರ್ ಬೇಕಾಗುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ನಡುವಿನ ಸ್ಪೀಕರ್ ಮುಂದಿನದಕ್ಕಿಂತ 15 ಮೀಟರ್ ಹಿಂದೆ ಇದ್ದರೆ ಅದಕ್ಕೆ ಸುಮಾರು 44 ಮಿಲಿಸೆಕೆಂಡ್ ಡಿಲೇ ಕೊಡಬೇಕು. ಇಲ್ಲದಿದ್ದರೆ ಹಿಂದಿನ ಸಾಲಿನವರಿಗೆ ತಬಲಾದ ಒಂದೊಂದು ಬೋಲೂ ಎರಡೆರಡು ಸಲ ಕೇಳುತ್ತದೆ.

ಫ್ಯಾನ್, ಏಸಿ ಬಗ್ಗೆ ಒಂದು ಮಾತು. ಹಾಕುವುದಾದರೆ ಕಾರ್ಯಕ್ರಮಕ್ಕೆ ಒಂದು ತಾಸು ಮೊದಲೇ ಹಾಕಿಸಿ. ನಡುವೆ ಹಾಕಿದರೆ ತಂಬೂರಿ ಇಳಿಯುತ್ತದೋ ಏರುತ್ತದೋ ಹೇಳಲಾಗದು. ನಮ್ಮ ಮಳೆಗಾಲದ ತೇವಕ್ಕೆ ತಬಲಾದ ಚರ್ಮ ಮೊದಲೇ ಸಡಿಲ ಬಿದ್ದಿರುತ್ತದೆ. ತಬಲಾದವರು ಸುತ್ತಿಗೆ ಹಿಡಿದು ಕೂತಾಗ ಅವಸರ ಮಾಡಬೇಡಿ. ಆ ಹೊತ್ತಿನಲ್ಲಿ ಮೈಕ್ ಮುಚ್ಚಿಡಿ.

ಕರೆಂಟ್

ಅರ್ಥಿಂಗ್ ಸರಿ ಇದೆಯೋ ನೋಡಿ. ಮಿಕ್ಸರ್ ಮತ್ತು ಆಂಪ್ಲಿಫೈಯರ್‌ಗೆ ಒಂದೇ ಕಡೆಯಿಂದ ಕರೆಂಟ್ ತೆಗೆದುಕೊಳ್ಳಿ. ಬೇರೆ ಬೇರೆ ಪ್ಲಗ್‌ನಿಂದ ತೆಗೆದರೆ 50 ಹರ್ಟ್ಝ್ ಗುಂಯ್ ಸದ್ದು ಬರುತ್ತದೆ. ಆ ಸದ್ದು ಹೋಗಲಿ ಅಂತ ಅರ್ಥ್ ತಂತಿ ಕಿತ್ತು ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಮೈಕ್‌ಗೆ ತುಟಿ ಹಚ್ಚುವವರ ಜೀವದ ಪ್ರಶ್ನೆ ಅದು.

ಹಚ್ಚುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆರಿಸುವಾಗ ಆಂಪ್ಲಿಫೈಯರ್ ಮೊದಲು. ಮಿಕ್ಸರ್‌ಗೆ ಒಂದು ಯುಪಿಎಸ್ ಇರಲಿ. ಒಮ್ಮೆ ದ್ರುತ್ (ವೇಗದ ಲಯ) ಏರಿದ ಹೊತ್ತಿಗೆ ಕರೆಂಟ್ ಹೋಗಿ ತಕ್ಷಣ ಬಂತು. ಧಡ್ ಅಂತ ಎಂಥ ಸದ್ದು ಬಂತೆಂದರೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಎದೆ ಹಿಡಿದುಕೊಂಡರು. ಆ ಮುಖ ನನಗೆ ಇನ್ನೂ ಮರೆತಿಲ್ಲ. ಮರುವಾರವೇ ಯುಪಿಎಸ್ ತಂದೆ.

ಮೈಕ್ ಇಡುವುದು

ಇಲ್ಲಿ ಅವಸರ ಬೇಡ. ಮೈಕ್ ನಾಲ್ಕು ಬೆರಳು ಸರಿಸಿದರೆ ಆಗುವ ಬದಲಾವಣೆ ಈಕ್ಯೂ ಹತ್ತು ನಿಮಿಷ ತಿರುವಿದರೂ ಆಗುವುದಿಲ್ಲ.

*ತಂಬೂರಿ.* ಸಾಧ್ಯವಾದರೆ ಕಂಡೆನ್ಸರ್ ಮೈಕ್, 48 ವೋಲ್ಟ್ ಫ್ಯಾಂಟಮ್ ಒತ್ತಿ. ಕುದುರೆಯ ನೇರಕ್ಕೆ, ಒಂದೂವರೆ ಗೇಣು ದೂರ, ತುಸು ಓರೆಯಾಗಿ. ತೀರಾ ಹತ್ತಿರ ಇಟ್ಟರೆ ಒಂದೇ ತಂತಿ ಎದ್ದು ಕಾಣುತ್ತದೆ. ಈಗ ಹೆಡ್‌ಫೋನ್ ಹಾಕಿಕೊಂಡು ಮೈಕ್ ನಿಧಾನ ಸರಿಸುತ್ತಾ ಹೋಗಿ. ಆ ಗಾಂಧಾರ ಎಲ್ಲಿ ಸಿಗುತ್ತದೋ ಅಲ್ಲೇ ಬಿಡಿ. ಈಕ್ಯೂ ಮುಟ್ಟಬೇಡಿ. ಎರಡು ತಂಬೂರಿ ಇದ್ದರೆ ಎರಡರ ನಡುವೆ ಒಂದೇ ಮೈಕ್ ಸಾಕಾಗುವುದು ಹೆಚ್ಚು. ಮೊಬೈಲ್ ತಂಬೂರಿಯನ್ನು ನೇರ ಮಿಕ್ಸರ್‌ಗೆ ಕೊಡುವುದಾದರೆ ಡಿಐ ಬಾಕ್ಸ್ (ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸುವ ಪೆಟ್ಟಿಗೆ) ಮೂಲಕ ಕೊಡಿ, ಚಾರ್ಜರ್ ಕಿತ್ತಿಡಿ.

*ಗಾಯನ.* ಬಾಯಿಯಿಂದ ಒಂದು ಗೇಣು ದೂರ, ಗದ್ದದ ಮಟ್ಟಕ್ಕಿಂತ ತುಸು ಕೆಳಗೆ, ಮೇಲೆ ಮುಖ ಮಾಡಿ. ಶೂರ್ ಎಸ್‌ಎಂ 58 ಇದ್ದರೂ ಒಳ್ಳೆಯ ಕೆಲಸ ಆಗುತ್ತದೆ. ಖ್ಯಾಲ್ (ಹಿಂದುಸ್ತಾನಿ ಗಾಯನದ ಒಂದು ಶೈಲಿ) ಹಾಡುವವರು ಕೈಯಾಡಿಸುತ್ತಾರೆ, ಮುಖ ಪಕ್ಕಕ್ಕೆ ತಿರುಗಿಸುತ್ತಾರೆ. ಸ್ಟ್ಯಾಂಡ್ ಅವರ ಕೈಗೆ ಅಡ್ಡ ಬರದಂತೆ ಎಡಗಡೆಯಿಂದಲೋ ಬಲಗಡೆಯಿಂದಲೋ ತನ್ನಿ, ಯಾವ ಕೈ ಜಾಸ್ತಿ ಆಡುತ್ತದೆ ಅಂತ ಮೊದಲೇ ನೋಡಿಕೊಂಡು. ಮೈಕ್ ತುಂಬಾ ಹತ್ತಿರ ಬಂದರೆ ಕೆಳದನಿ ಉಬ್ಬುತ್ತದೆ. ಲೋ ಕಟ್ 80ರ ಮೇಲೆ ಬೇಡ. ಮಂದ್ರ ಪಂಚಮಕ್ಕೆ ಇಳಿದಾಗ ಗಂಡು ದನಿ 104ರ ಸುತ್ತ ಇರುತ್ತದೆ, ಅದು ಬಡಕಲಾಗಬಾರದು.

*ತಬಲಾ.* ಬಲದ ತಬಲಾಕ್ಕೆ ಒಂದು, ಡಗ್ಗಾಕ್ಕೆ (ಎಡಗೈಯ ದಪ್ಪ ದನಿಯದು) ಒಂದು. ಒಂದು ಗೇಣಿನಿಂದ ಒಂದೂವರೆ ಗೇಣು ಮೇಲೆ. ಬಲದ ಮೈಕ್ ಮೇಲಿನ ಕರಿ ಮಚ್ಚೆ ಮತ್ತು ಅಂಚಿನ ನಡುವೆ ನೋಡಲಿ, ಆಗ 'ನಾ' ಮತ್ತು 'ತಿನ್' ಎರಡೂ ಬೇರೆಬೇರೆಯಾಗಿ ಕೇಳುತ್ತವೆ. ಡಗ್ಗಾದ ಮೈಕ್ ಮಣಿಕಟ್ಟಿನ ಎದುರು ಕಡೆಯಿಂದ ಬರಲಿ. ಹಬ್ಬದ ಸೌಂಡ್ ಮಾಡಿ ಬಂದವರು ಇಲ್ಲೇ ಎಡವುವುದು. ಡಗ್ಗಾ ಸಿಕ್ಕಿತು ಅಂತ ಬೇಸ್ ಏರಿಸುತ್ತಾರೆ. ಡಗ್ಗಾದಲ್ಲಿ ಇರುವುದು ಬರೀ ಹೊಡೆತ ಅಲ್ಲ. ಮಣಿಕಟ್ಟು ಒತ್ತಿ ಜಾರಿಸಿದಾಗ ಸ್ವರ ಮಾತಾಡಿದ ಹಾಗೆ ಏರುತ್ತದೆ. ಬೇಸ್ ಜಾಸ್ತಿಯಾದರೆ ಆ ಮಾತು ಮುಳುಗಿ ಬರೀ ದುಮ್ ದುಮ್ ಉಳಿಯುತ್ತದೆ. ಹಿರಿಯ ತಬಲಾ ಮಾಸ್ತರರೊಬ್ಬರು ಪ್ರತಿ ಸಲ ನನಗೆ ಹೇಳುತ್ತಿದ್ದರು: "ಡಗ್ಗಾ ಉಬ್ಬಸಬ್ಯಾಡಪಾ, ಅದು ಮಾತಾಡ್ಲಿ."

*ಪೇಟಿ.* ತಿದಿಯಿಂದ ದೂರ, ಮೇಲುಗಡೆ, ಒಂದು ಅಡಿಯಷ್ಟು. ಇಲ್ಲದಿದ್ದರೆ ಗಾಳಿಯ ಸದ್ದು, ಬೆರಳು ಮನೆ ಒತ್ತುವ ಟಕ್ ಟಕ್ ಬರುತ್ತದೆ. ಪೇಟಿ ದನಿಯ ನೆರಳಿನಂತೆ ಹಿಂದೆ ಬರಬೇಕು, ದನಿಗಿಂತ ಒಂದು ಮೆಟ್ಟಿಲು ಕೆಳಗೆ ಇಡಿ.

ಸಿತಾರಕ್ಕೆ ಕುದುರೆಯ ಕಡೆ ಒಂದು ಅಡಿ ದೂರ. ಬಾನ್ಸುರಿಗೆ ಊದುವ ರಂಧ್ರ ಮತ್ತು ಬೆರಳುಗಳ ನಡುವೆ, ಉಸಿರು ನೇರ ತಾಗದಂತೆ.

ಎಲ್ಲಕ್ಕೂ ಒಂದು ಲೆಕ್ಕ ಇದೆ. ವಾದ್ಯದಿಂದ ಅದರ ಮೈಕ್ ಎಷ್ಟು ದೂರ ಇದೆಯೋ, ಪಕ್ಕದ ಮೈಕ್ ಅದರ ಮೂರು ಪಟ್ಟಾದರೂ ದೂರ ಇರಲಿ. ಹತ್ತಿರವಾದರೆ ಒಂದೇ ಸದ್ದು ಎರಡು ಮೈಕ್‌ಗೆ ಹಿಂದೆ ಮುಂದೆ ಹೋಗಿ ಟೊಳ್ಳಾಗುತ್ತದೆ.

ಮಾನಿಟರ್ ಮತ್ತು ಸೀಟಿ

ಕಲಾವಿದರಿಗೆ ಮಾನಿಟರ್‌ನಲ್ಲಿ ಮೊದಲು ತಂಬೂರಿ, ಆಮೇಲೆ ಅವರ ದನಿ, ಆಮೇಲೆ ಉಳಿದದ್ದು. ತಬಲಾದವರಿಗೆ ಗಾಯನ ಜಾಸ್ತಿ ಬೇಕು. ಎಸ್‌ಎಂ 58ರಂಥ ಕಾರ್ಡಿಯಾಯ್ಡ್ ಮೈಕ್ ಹಿಂಭಾಗದಿಂದ ಬರುವ ಸದ್ದನ್ನು ಅತಿ ಕಡಿಮೆ ಹಿಡಿಯುತ್ತದೆ, ಹಾಗಾಗಿ ಮಾನಿಟರ್ ಮೈಕ್‌ನ ಬೆನ್ನಿಗೆ ನೇರ ಇರಲಿ. ಸೂಪರ್ ಕಾರ್ಡಿಯಾಯ್ಡ್ ಆದರೆ ಅದರ ಕಿವುಡು ಜಾಗ ಬೆನ್ನಿನಿಂದ ತುಸು ಎರಡೂ ಪಕ್ಕಕ್ಕಿದೆ. ಆಗ ಮಾನಿಟರ್ ಓರೆಯಾಗಿ ಇಡಿ.

ಕಲಾವಿದರು ಬರುವ ಮೊದಲೇ ಮಾನಿಟರ್ ನಿಧಾನ ಏರಿಸಿ, ಯಾವ ಕಂಪನದಲ್ಲಿ ಮೈಕ್ ಸೀಟಿ ಹೊಡೆಯುತ್ತದೆ ಅಂತ ಹುಡುಕಿ. ಗ್ರಾಫಿಕ್ ಈಕ್ಯೂನಲ್ಲಿ ಅದೊಂದನ್ನೇ ಮೂರು ನಾಲ್ಕು ಡೆಸಿಬೆಲ್ ಇಳಿಸಿ. ಎರಡು ಮೂರು ಕಡೆ ಇಳಿಸಿದರೆ ಸಾಕು. ಹತ್ತು ಕಡೆ ಇಳಿಸಬೇಕಾಗಿ ಬಂದರೆ ಸ್ಪೀಕರ್ ಜಾಗವೇ ತಪ್ಪಿದೆ, ಅದನ್ನು ಎತ್ತಿ ಬೇರೆ ಕಡೆ ಇಡಿ.

ಕಛೇರಿ ನಡೆಯುವಾಗ

ಗೇನ್ ಇಡುವಾಗ ಆಲಾಪ ಕೇಳಿ ಇಡಬೇಡಿ. "ಒಂದು ತಾರ ಸಪ್ತಕದ ತಾನ್ ತೊಗೊಳ್ರಿ" ಅಂತ ವಿನಂತಿ ಮಾಡಿ ಅದಕ್ಕೆ ಇಡಿ. ವಿಲಂಬಿತ್ (ನಿಧಾನ ಲಯ) ಶುರುವಾದಾಗ ದನಿ ಕಡಿಮೆ ಇದೆ ಅಂತ ಜನ ಹಿಂದಿನಿಂದ ಕೈ ಸನ್ನೆ ಮಾಡುತ್ತಾರೆ. ಒಂದು ಎರಡು ಡೆಸಿಬೆಲ್‌ಗಿಂತ ಹೆಚ್ಚು ಏರಿಸಬೇಡಿ. ಹತ್ತು ನಿಮಿಷದಲ್ಲಿ ಅವರ ಕಿವಿ ಹೊಂದಿಕೊಳ್ಳುತ್ತದೆ, ಹಾಲ್ ತಾನೇ ನಿಶ್ಶಬ್ದವಾಗುತ್ತದೆ. ಆ ನಿಶ್ಶಬ್ದವನ್ನು ಕಲಾವಿದರು ಕಟ್ಟುತ್ತಿರುತ್ತಾರೆ. ನಾವು ಫೇಡರ್ ದೂಡಿದರೆ ಅದು ಒಡೆದುಹೋಗುತ್ತದೆ.

ರಿವರ್ಬ್ ಬೇಡವೇ ಬೇಡ ಅನ್ನುವುದಿಲ್ಲ. ತೆರೆದ ಮೈದಾನ ಆದರೆ ಸ್ವಲ್ಪ ಬೇಕು. ಕಾರ್ಯಾಲಯದಲ್ಲಿ ಗೋಡೆಗಳೇ ಬೇಕಾದಷ್ಟು ಕೊಡುತ್ತವೆ. ಕಂಪ್ರೆಸರ್ ಅಂತೂ ಮುಟ್ಟದೆ ಇರುವುದೇ ಒಳ್ಳೆಯದು. ಮೆಲ್ಲಗೆ ಹಾಡಿದ್ದು ಮೆಲ್ಲಗೇ ಕೇಳಲಿ.

ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ, 2000ದ ಶಬ್ದ ಮಾಲಿನ್ಯ ನಿಯಮದಂತೆ. ಬೆಳಗಿನವರೆಗೆ ನಡೆಯುವ ಬೈಠಕ್ ಆದರೆ ಮುಚ್ಚಿದ ಹಾಲ್ ನೋಡಿ ಅಂತ ಸಂಘಟಕರಿಗೆ ಮೊದಲೇ ಹೇಳಿ.

ಜಾಝ್

ಬೆಳಗಾವಿಯಲ್ಲಿ ಜಾಝ್ ಎಲ್ಲಿ ಅನ್ನಬಹುದು. ಚೋರ್ಲಾ ಘಾಟ್ ಇಳಿದರೆ ಗೋವಾ. 1930ರ ದಶಕದಿಂದ ಮುಂಬೈಯ ತಾಜ್ ಹೋಟೆಲ್‌ನಲ್ಲಿ ಜಾಝ್ ನುಡಿಯುತ್ತಿದ್ದಾಗ ಅದರಲ್ಲಿ ಕಹಳೆ, ಸ್ಯಾಕ್ಸೊಫೋನ್ ಹಿಡಿದವರಲ್ಲಿ ಗೋವಾದವರು ಬಹಳ. ಇಂದಿಗೂ ಅಲ್ಲಿ ಕೆಲಸ ಇದೆ. ನಮ್ಮ ಹುಡುಗರು ವಾರಾಂತ್ಯಕ್ಕೆ ಹೋಗಿ ಮಾಡಿ ಬರಬಹುದು.

ಖ್ಯಾಲ್ ಕೇಳಿದ ಕಿವಿಗೆ ಜಾಝ್ ಪರಕೀಯ ಅಲ್ಲ. ಇಲ್ಲೂ ಸ್ಥಳದಲ್ಲೇ ಹುಟ್ಟಿಸುತ್ತಾರೆ, ಒಬ್ಬರಾದ ಮೇಲೆ ಒಬ್ಬರು ವಿಸ್ತಾರ ಮಾಡುತ್ತಾರೆ. ವ್ಯತ್ಯಾಸ ಏನೆಂದರೆ, ಅಲ್ಲಿ ಅಳತೆಗೋಲು ತಂಬೂರಿ, ಇಲ್ಲಿ ಡ್ರಮ್ಸ್. ಸಣ್ಣ ಕೋಣೆಯಲ್ಲಿ ಡ್ರಮ್ಸ್‌ಗೆ ಮೈಕೇ ಬೇಕಾಗುವುದಿಲ್ಲ. ಅದು ಎಷ್ಟು ಜೋರಿದೆಯೋ ಅದಕ್ಕೆ ಉಳಿದ ವಾದ್ಯಗಳನ್ನು ಏರಿಸಿ ಹೊಂದಿಸಿ. ದೊಡ್ಡ ಜಾಗದಲ್ಲಿ ಮೇಲೆ ಎರಡು ಮೈಕ್, ಕಿಕ್ ಡ್ರಮ್‌ಗೆ ಒಂದು. ಜಾಝ್ ಡ್ರಮ್ಮರ್‌ನ ಪ್ರಾಣ ಇರುವುದು ರೈಡ್ ಸಿಂಬಲ್‌ನಲ್ಲಿ. ಕಿಕ್ ಎದೆಗೆ ಹೊಡೆಯುವಂತೆ ಮಾಡಿದರೆ ಅದು ಬೇರೆ ಸಂಗೀತ ಆಗಿಬಿಡುತ್ತದೆ.

ಡಬಲ್ ಬೇಸ್ ಕಷ್ಟದ ವಾದ್ಯ. ದೊಡ್ಡ ಮೈ, ಮೆಲ್ಲನೆಯ ದನಿ. ಪಿಕಪ್ ಮತ್ತು ಮೈಕ್ ಎರಡನ್ನೂ ತೆಗೆದುಕೊಳ್ಳಿ, ಕುದುರೆಗಿಂತ ತುಸು ಮೇಲೆ ಮೈಕ್. ಎರಡನ್ನೂ ಕೂಡಿಸಿದಾಗ ದನಿ ಸೊರಗಿದರೆ ಒಂದರ ಪೊಲಾರಿಟಿ ತಿರುಗಿಸಿ ನೋಡಿ. ಸ್ಯಾಕ್ಸೊಫೋನ್‌ನ ಬಾಯಿಗೆ ಮೈಕ್ ತುರುಕಬೇಡಿ. ಸದ್ದು ಬೆರಳಾಡುವ ರಂಧ್ರಗಳಿಂದಲೂ ಬರುತ್ತದೆ, ಒಂದು ಅಡಿ ದೂರದಿಂದ ಮಧ್ಯಭಾಗ ನೋಡಲಿ.

ಜಾಝ್ ರೆಕಾರ್ಡಿಂಗ್ ಅಂದರೆ ನನಗೆ ನೆನಪಾಗುವುದು ಅಮೆರಿಕದ ರೂಡಿ ವ್ಯಾನ್ ಗೆಲ್ಡರ್. ಹುಟ್ಟಿದ್ದು 1924ರಲ್ಲಿ, ನಮ್ಮ ಕುಮಾರ ಗಂಧರ್ವರು ಹುಟ್ಟಿದ ವರ್ಷವೇ. ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುವ ವೃತ್ತಿ. ಉಳಿದ ಹೊತ್ತು ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ನಡುಮನೆಯಲ್ಲಿ ರೆಕಾರ್ಡಿಂಗ್. 1959ರಲ್ಲಿ ಸ್ವಂತ ಸ್ಟುಡಿಯೊ ಕಟ್ಟುವವರೆಗೆ ಹಾಗೇ ನಡೆಸಿದರು. ಆ ನಡುಮನೆಯ ರೆಕಾರ್ಡಿಂಗ್‌ಗಳನ್ನು ಜಗತ್ತು ಇವತ್ತಿಗೂ ಕೇಳುತ್ತಿದೆ. ಮನೆಯ ಒಂದು ಕೋಣೆ ಇದ್ದವರು ಅದರಿಂದಲೇ ಶುರು ಮಾಡಿ.

ರೆಕಾರ್ಡಿಂಗ್

24 ಬಿಟ್, 48 ಕಿಲೊಹರ್ಟ್ಝ್ ಇಡಿ. ಅತಿ ಜೋರಿನ ತಾನ್ ಕೂಡ ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲುವಂತೆ ಲೆವೆಲ್ ಇರಲಿ. ಎಂಟು ಟ್ರ್ಯಾಕ್ ಆದರೆ ತಾಸಿಗೆ ಸುಮಾರು 4.1 ಜಿಬಿ ಬೇಕು. ಮೂರು ತಾಸಿನ ಬೈಠಕ್‌ಗೆ 16 ಜಿಬಿ ಕಾರ್ಡ್ ಇದ್ದರೂ ಜೊತೆಗೆ ಇನ್ನೊಂದು ಖಾಲಿ ಕಾರ್ಡ್ ಜೇಬಿನಲ್ಲಿರಲಿ. ಅದೇ ರಾತ್ರಿ ಎರಡು ಕಡೆ ಕಾಪಿ ಮಾಡಿ.

ಮೈಕ್‌ಗಳ ಜೊತೆಗೆ ವೇದಿಕೆಯ ಎದುರು ಎರಡು ಒಂದೇ ಜಾತಿಯ ಕಂಡೆನ್ಸರ್ ಇಡಿ. 17 ಸೆಂಟಿಮೀಟರ್ ಅಂತರ, ನಡುವೆ 110 ಡಿಗ್ರಿ ಕೋನ. ಫ್ರೆಂಚ್ ರೇಡಿಯೊದವರ ಪದ್ಧತಿ ಇದು, ಅಂತರ ನಮ್ಮ ಎರಡು ಕಿವಿಯ ಅಂತರದಷ್ಟೇ. ಮುಗಿದ ಮೇಲೆ ಬರೀ ಈ ಎರಡನ್ನೇ ಮೊದಲು ಕೇಳಿ. ಬಹಳ ಸಲ ಇದರಲ್ಲೇ ಎಲ್ಲಾ ಇರುತ್ತದೆ, ಉಳಿದ ಟ್ರ್ಯಾಕ್‌ಗಳನ್ನು ಚಿಟಿಕೆಯಷ್ಟು ಬೆರೆಸಿದರೆ ಸಾಕು. ಕಲಾವಿದರ ಒಪ್ಪಿಗೆ ಇಲ್ಲದೆ ಒಂದು ನಿಮಿಷದ ತುಣುಕನ್ನೂ ಯಾರಿಗೂ ಕಳಿಸಬೇಡಿ.

ನೋಟ್‌ಬುಕ್

ಕೇಬಲ್ ಸುತ್ತಿ ಗಾಡಿಗೆ ಹಾಕಿದ ಮೇಲೆ ಹತ್ತು ನಿಮಿಷ ಕೂತು ಬರೆಯಿರಿ. ಹಾಲ್ ಯಾವುದು, ಪಟ್ಟಿ ಯಾವುದು, ಮೈಕ್ ಎಲ್ಲಿ ಸೀಟಿ ಹೊಡೆಯಿತು, ಕಲಾವಿದರು ಏನು ಕೇಳಿದರು. ಮುಂದಿನ ಸಲ ಅದೇ ಹಾಲ್‌ಗೆ ಹೋದಾಗ ಅರ್ಧ ಕೆಲಸ ಮುಗಿದಿರುತ್ತದೆ. ನನ್ನ ನೋಟ್‌ಬುಕ್‌ನ ಒಂದು ಪುಟ ಹೀಗಿದೆ:

"ಟಿಳಕವಾಡಿ ಕಾರ್ಯಾಲಯ, ಮತ್ತೆ. ಮಳೆ. ಗಂಡು ದನಿ, ಕರಿ ಒಂದು. ಹಿಂದೆ ಪರದೆ ಹಾಕಿಸಿದೆ, ಜಮಖಾನೆ ಎರಡು. 630ರಲ್ಲಿ ಸೀಟಿ, 3 ಇಳಿಸಿದೆ. ಡಗ್ಗಾ ಮೈಕ್ ಎರಡು ಬೆರಳು ಹಿಂದೆ ಸರಿಸಿದೆ, ಸರಿಹೋಯಿತು. ತಂಬೂರಿ ಈಕ್ಯೂ ಇಲ್ಲ. ವಿಲಂಬಿತ್ ನಡೆಯುವಾಗ ಎದ್ದು ಕೊನೆಯ ಸಾಲಿನ ಹಿಂದೆ ಹೋಗಿ ನಿಂತೆ. ಗಾಂಧಾರ ಕೇಳಿತು."